ಆಯ್ದ ಶಾಸನಗಳಿಂದ ಹೊಸ ಎಕ್ಸ್‌ಎಂಎಲ್ ದಸ್ತಾವೇಜಿನ ರಚನೆ

1998ರಲ್ಲಿ ಪ್ರಕಟವಾದ ಎಕ್ಸ್‌ಎಂಎಲ್ ಕ್ರಮದಲ್ಲಿ ಪಠ್ಯವು ಒಂದೇ ಬೇರಿನಿಂದ ಕವಲೊಡೆದ ವೃಕ್ಷದಂತಿರುವುದು. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದಂತೆ ತಾಲ್ಲೂಕುವಾರು ವಿಂಗಡಿಸಿದ ಶಾಸನಸಂಪುಟವೊಂದನ್ನು ಹೀಗೆ ಅಳವಡಿಸಿದ್ದರೆ, ದಾನಶಾಸನಗಳನ್ನಷ್ಟೇ ಎಕ್ಸ್‌ಪಾತ್ ಸೂತ್ರದಿಂದ ಆಯಬಹುದು. ಆದರೆ ಆಯ್ದುದೇ ಹೊಸ ದಸ್ತಾವೇಜಾಗದು. ಮೊದಲು ಬರಿದಾದ ದಸ್ತಾವೇಜನ್ನು ನಿರ್ಮಿಸಿ, ಅದಕ್ಕೊಂದು ಬೇರುಘಟಕವನ್ನಿಡಬೇಕು. ಪ್ರತಿಯೊಂದು ಘಟಕವೂ ತನ್ನ ಮೂಲ ದಸ್ತಾವೇಜಿಗೆ ಸೇರಿದುದಾದುದರಿಂದ, ‘ಇಂಪೋರ್ಟ್‌ನೋಡ್’ ಆಜ್ಞೆಯಿಂದ ಅದರ ಪೂರ್ಣ ಪ್ರತಿಯನ್ನು ಪಡೆದು ಬೇರಿಗೆ ಜೋಡಿಸತಕ್ಕದ್ದು.

ಇಲ್ಲಿ ಇತಿಹಾಸಾಭ್ಯಾಸಿಯು ಗಮನಿಸಬೇಕಾದ ಅಂಶವೊಂದುಂಟು: ಪ್ರತಿಯೊಡನೆ ಘಟಕದ ಸಂತತಿ ಬರುವುದೇ ಹೊರತು ಪೂರ್ವಜರು ಬಾರರು. ತಾಲ್ಲೂಕಿನ ಹೆಸರು ಮೇಲಿನ ಘಟಕದಲ್ಲಿದ್ದರೆ ಅಲ್ಲಿಯೇ ಉಳಿಯುವುದು. ಅದನ್ನು ಪ್ರತಿಯೊಂದು ಪ್ರತಿಯ ಮೇಲೂ ಗುಣಲಕ್ಷಣವಾಗಿ ಬರೆದಿಡಬೇಕು. ಇಲ್ಲವಾದರೆ ನೆಲೆಯಿಲ್ಲದ ದಾನಗಳ ಪಟ್ಟಿಯಷ್ಟೇ ಕೈಸೇರುವುದು, ನೆಲೆಯಿಲ್ಲದುದು ಆಧಾರವೆನಿಸದು.