ಗೇಟಿನಂಗಡಿಯಲ್ಲಿ ಸೈಕಲ್ ಕ್ಯಾರಿಯರ್

ಮಣಿಪಾಲ–ಉಡುಪಿಯವರಿಗೆ ಸೈಕಲ್ ತುಳಿಯಲು ಚೆಂದದ ದಾರಿಗಳಿಗೆ ಬರವಿಲ್ಲ. ಕಾಪುವಿನಲ್ಲಿ 1901ರಿಂದ ನಿಂತಿರುವ ದೀಪಸ್ತಂಭದ ಬುಡದಿಂದ ಕೈಪುಂಜಾಲು, ಮಟ್ಟು, ಪಡುಕೆರೆ ಎಂದು ಕಡಲನ್ನು ಎಡಕ್ಕಿಟ್ಟುಕೊಂಡು ಮಲ್ಪೆವರೆಗೂ ಹೋಗಬಹುದು. ಕಾರ್ಕಳದಲ್ಲಿ ಗೊಮ್ಮಟಬೆಟ್ಟಕ್ಕೊಂದು ಸುತ್ತು ಹಾಕಿ ಬಜಗೋಳಿ, ಮಾಳದ ಕಡೆ ತಿರುಗಿದರೆ ಘಟ್ಟದ ಬುಡದ ನೆರಳು ಸಿಗುತ್ತದೆ. ತೊಂದರೆ ಇರುವುದು ಅಲ್ಲಿಗೆ ತಲುಪುವುದರಲ್ಲಿ. ಮೊದಲ ಹತ್ತಿಪ್ಪತ್ತು ಕಿಲೋಮೀಟರು ರಾಷ್ಟ್ರೀಯ ಹೆದ್ದಾರಿ 66ರ ಲಾರಿ, ಮೀನಿನ ಟೆಂಪೊ, ಎಕ್ಸ್‌ಪ್ರೆಸ್ ಬಸ್ಸುಗಳ ಜೊತೆಗೆ. ಇಲ್ಲವೇ ಪರ್ಕಳ, ಹಿರಿಯಡಕದ ಏರಿಳಿತದಲ್ಲಿ. ಮಕ್ಕಳನ್ನು ಕಟ್ಟಿಕೊಂಡು ಹೊರಟವರಿಗಂತೂ ಅದು ಆಗದ ಮಾತು. ಹಾಗಾಗಿ ಸೈಕಲನ್ನು ಕಾರಿನ ಹಿಂದೆ ಏರಿಸಿ ಒಯ್ದು, ದಾರಿ ಚೆಂದವಾಗುವಲ್ಲಿ ಇಳಿಸುವ ಉಪಾಯ.

ಇದಕ್ಕೆ ಬೇಕಾದ ಕ್ಯಾರಿಯರ್ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಈ ಲೇಖನ ‘ಗೇಟ್, ಗ್ರಿಲ್, ಶೀಟ್ ಕೆಲಸ’ ಎಂದು ಬೋರ್ಡು ಹಾಕಿಕೊಂಡ ನಮ್ಮ ರಸ್ತೆ ಬದಿಯ ವೆಲ್ಡಿಂಗ್ ಶಾಪಿನಲ್ಲಿ ಅದನ್ನು ಮಾಡಿಸಿಕೊಳ್ಳುವುದರ ಬಗ್ಗೆ. ಅಲ್ಲಿಗೆ ಹೋದರೆ ಮೊದಲು ಬರುವ ಮಾತು ಹೆಚ್ಚುಕಡಿಮೆ ಒಂದೇ: “ಎಂತ ಮಾರಾಯ್ರೆ, ಗೇಟು ಮಾಡುವವರ ಹತ್ತಿರ ಕಾರಿನ ಕೆಲಸ ತಂದಿದ್ದೀರಿ?” ಪ್ರಶ್ನೆಯಲ್ಲಿ ಹುರುಳಿದೆ. ಗೇಟು ನಿಂತಲ್ಲೇ ನಿಲ್ಲುವ ಕಬ್ಬಿಣ; ಕ್ಯಾರಿಯರ್ ಹಂಪು, ಹೊಂಡ ಎಲ್ಲದರ ಮೇಲೂ ಕುಣಿಯುತ್ತ ಓಡುವ ಕಬ್ಬಿಣ. ಈ ವ್ಯತ್ಯಾಸ ತಿಳಿದ ಕೈಗೆ ಬಿದ್ದರೆ ಕೆಲಸ ಅರ್ಧ ಮುಗಿದಂತೆ.

ಕೊಂಡಿಯ ಕತೆ

ಅಮೆರಿಕದಲ್ಲಿ ಕಾರಿನ ಹಿಂದೆ ಟ್ರೇಲರ್ ಎಳೆಯುವುದು ಸಾಮಾನ್ಯ. ಅದಕ್ಕಾಗಿ ಚಾಸಿಗೆ ಬೋಲ್ಟು ಹಾಕಿ ಕೂರಿಸಿದ ಚೌಕಾಕಾರದ ಕೊಳವೆಗೆ ಹಿಚ್ ರಿಸೀವರ್ ಎನ್ನುತ್ತಾರೆ. ಒಂದೂಕಾಲು ಇಂಚು ಮತ್ತು ಎರಡು ಇಂಚು, ಇವೆರಡು ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ. ಟ್ರೇಲರ್ ಇಲ್ಲದ ದಿನ ಅದೇ ಕೊಳವೆಗೆ ಸೈಕಲ್ ಕ್ಯಾರಿಯರಿನ ಕಾಲನ್ನು ತೂರಿಸಿ ಅಡ್ಡಲಾಗಿ ಒಂದು ಪಿನ್ ಹಾಕಿದರೆ ಮುಗಿಯಿತು. ಇಂಥ ಸಾಮಗ್ರಿಗೆ ಜಗತ್ತಿನಲ್ಲಿ ಹೆಸರಾದ ಸ್ವೀಡನ್ನಿನ ಥೂಲೆ ಕಂಪನಿ 1942ರಲ್ಲಿ ಶುರುವಾದದ್ದು ಮೀನುಗಾರರಿಗೆ ಮೀನು ಹಿಡಿಯುವ ಬೋನು ಮಾಡಿಕೊಡುತ್ತ. ಕಾರಿನ ತಲೆಯ ಮೇಲಿನ ಕ್ಯಾರಿಯರಿಗೆ ಕೈ ಹಾಕಿದ್ದು 1962ರಲ್ಲಿ.

ನಮ್ಮ ಕಾರುಗಳಿಗೆ ಈ ರಿಸೀವರ್ ಬರುವುದಿಲ್ಲ. ಹೆಚ್ಚೆಂದರೆ ಕೆಟ್ಟು ನಿಂತಾಗ ಎಳೆಯಲು ಒಂದು ಹುಕ್ಕು ಇರುತ್ತದೆ. ಅದಕ್ಕೆ ಕ್ಯಾರಿಯರ್ ನೇತುಹಾಕುವಂತಿಲ್ಲ. ಹಾಗೆಂದು ಕೊಂಡಿ ನಮಗೆ ಹೊಸದೇನೂ ಅಲ್ಲ. ಕಾರ್ಕಳ, ಹಿರಿಯಡಕದ ಗದ್ದೆಗಳಿಂದ ಭತ್ತ, ಹುಲ್ಲು ಹೊರುವ ಟಿಲ್ಲರಿನ ಟ್ರೇಲರ್ ನಿಂತಿರುವುದು ಒಂದು ದಪ್ಪ ಪಿನ್ನಿನ ಮೇಲೆಯೇ. ಆ ಪಿನ್, ಅದು ಜಾರದಂತೆ ತಡೆಯುವ ಲಿಂಚ್ ಪಿನ್, ಎರಡೂ ಕೃಷಿ ಯಂತ್ರಗಳ ಬಿಡಿಭಾಗದ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಎರಡು ಇಂಚಿನ ರಿಸೀವರಿಗೆ ಅಮೆರಿಕದವರು ಹಾಕುವುದು ಐದೆಂಟಾಂಶ ಇಂಚಿನ ಪಿನ್, ಅಂದರೆ ನಮ್ಮ 16 ಮಿ.ಮೀ. ಅಳತೆ.

ಚಾಸಿಯೋ, ಬಾಡಿಯೋ?

ಮೊದಲು ನೋಡಬೇಕಾದ್ದು ವಾಹನದ ಹೊಟ್ಟೆಯ ಅಡಿ. ಬೊಲೆರೊ, ಸ್ಕಾರ್ಪಿಯೊ, ಥಾರ್, ಇನ್ನೋವಾ ಕ್ರಿಸ್ಟಾದಂಥವುಗಳಿಗೆ ಏಣಿಯ ಆಕಾರದ ಪ್ರತ್ಯೇಕ ಚಾಸಿ ಇರುತ್ತದೆ. ಅದರ ಎರಡು ಉದ್ದ ದಂಡಗಳ ಹಿಂಬದಿಯಲ್ಲಿ ಕಂಪನಿಯೇ ಬಿಟ್ಟ ತೂತುಗಳಿದ್ದರೆ ಅಲ್ಲಿಗೆ ಬ್ರಾಕೆಟ್ ಕೂರಿಸಬಹುದು. ಸಣ್ಣ ಕಾರುಗಳಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಅವುಗಳಲ್ಲಿ ಕೆಲವಕ್ಕೆ ಹಿಂದಿನ ಬಂಪರಿನ ಪ್ಲಾಸ್ಟಿಕ್ ಬಿಚ್ಚಿದರೆ ಒಳಗೊಂದು ಉಕ್ಕಿನ ಅಡ್ಡಪಟ್ಟಿ ಕಾಣುತ್ತದೆ. ಅದನ್ನು ಬಾಡಿಗೆ ಬಿಗಿದ ಬೋಲ್ಟಿನ ಜಾಗಗಳೇ ಅಲ್ಲಿ ಆಧಾರ. ಇಂಥ ಕಾರಿಗೆ ಎರಡು ಹಗುರ ಸೈಕಲಿಗಿಂತ ಹೆಚ್ಚು ಆಸೆ ಪಡದಿರುವುದು ಕ್ಷೇಮ.

ಎರಡೂ ಕಡೆ ಒಂದು ನಿಯಮಕ್ಕೆ ವಿನಾಯಿತಿ ಇಲ್ಲ: ಗಾಡಿಯ ಮೈಮೇಲೆ ವೆಲ್ಡಿಂಗ್ ಮಾಡಬಾರದು. ಡೀಸೆಲ್ ಟ್ಯಾಂಕು ಹತ್ತಿರದಲ್ಲೇ ಇರುತ್ತದೆ, ಆರ್ಕಿನ ಕರೆಂಟು ಗಾಡಿಯ ಎಲೆಕ್ಟ್ರಾನಿಕ್ಸನ್ನು ಸುಡಬಹುದು, ಕಾಸಿದ ಚಾಸಿ ಆ ಜಾಗದಲ್ಲಿ ತನ್ನ ಗುಣ ಕಳೆದುಕೊಳ್ಳುತ್ತದೆ. ರಟ್ಟಿನ ತುಂಡಿನಲ್ಲಿ ತೂತುಗಳ ಅಚ್ಚು ತೆಗೆದು, 8 ಮಿ.ಮೀ. ಪ್ಲೇಟಿನಲ್ಲಿ ಅದೇ ಅಚ್ಚಿಗೆ ಬ್ರಾಕೆಟ್ ಕೊರೆದು, ಬೆಂಚಿನ ಮೇಲೆ ಬೆಸೆದು, ಆಮೇಲೆ ಹೈ ಟೆನ್ಸೈಲ್ ಬೋಲ್ಟಿನಿಂದ ಬಿಗಿಯುವುದೇ ದಾರಿ. ಬೋಲ್ಟಿನ ತಲೆಯ ಮೇಲೆ 8.8 ಎಂದು ಕೊರೆದಿರಬೇಕು. ನಟ್ಟು ನೈಲಾನ್ ಉಂಗುರ ಇರುವಂಥದ್ದಾಗಿರಬೇಕು.

ಪೈಪಿನ ಲೆಕ್ಕ

ಗೇಟಿಗೆ ತಂದು ಉಳಿದ ಒಂದಿಂಚಿನ, 16 ಗೇಜಿನ ಚೌಕ ಪೈಪು ಎಲ್ಲ ಶಾಪಿನ ಮೂಲೆಯಲ್ಲೂ ಇರುತ್ತದೆ. “ಇದೇ ಸಾಕಲ್ಲ?” ಎಂಬ ಮಾತು ಬರುವುದು ಇಲ್ಲೇ. ಸಾಕಾಗುವುದಿಲ್ಲ, ಯಾಕೆಂದು ನೋಡಿ. ತಲಾ 15 ಕೆ.ಜಿ.ಯ ಎರಡು ಸೈಕಲು, 20 ಕೆ.ಜಿ.ಯ ಕ್ಯಾರಿಯರ್, ಒಟ್ಟು 50 ಕೆ.ಜಿ. ಭಾರ ಕೊಂಡಿಯಿಂದ 60 ಸೆಂ.ಮೀ. ಹಿಂದೆ ತೂಗುತ್ತಿದೆ ಎನ್ನೋಣ. 1.6 ಮಿ.ಮೀ. ದಪ್ಪದ 25 ಮಿ.ಮೀ. ಪೈಪು ಈ ಭಾರಕ್ಕೆ ಗಾಡಿ ನಿಂತಿರುವಾಗಲೇ ಬಾಗುವ ಹಂತ ಮುಟ್ಟುತ್ತದೆ. 3 ಮಿ.ಮೀ. ದಪ್ಪದ 50 ಮಿ.ಮೀ. ಪೈಪಿನಲ್ಲಿ ಅದೇ ಭಾರ ಉಂಟುಮಾಡುವ ಒತ್ತಡ ಕಬ್ಬಿಣದ ತಾಳಿಕೆಯ ಏಳನೇ ಒಂದು ಭಾಗ ಮಾತ್ರ. ಹಂಪು ಹಾರುವಾಗ ಭಾರ ಮೂರು ಪಟ್ಟಾದರೂ ಅರ್ಧದೊಳಗೇ ನಿಲ್ಲುತ್ತದೆ. ದೊಡ್ಡ ಪೈಪಿಗೆ ಮೀಟರಿಗೆ ನಾಲ್ಕು ಕೆ.ಜಿ.ಗಿಂತ ತುಸು ಹೆಚ್ಚು ಕಬ್ಬಿಣ ಬೇಕು. ಅಂದರೆ ನಾಲ್ಕು ಪಟ್ಟಿಗೂ ಕಡಿಮೆ ತೂಕಕ್ಕೆ ಏಳು ಪಟ್ಟಿಗೂ ಹೆಚ್ಚು ಬಲ. ಉಳಿತಾಯ ಮಾಡುವುದಿದ್ದರೆ ಸೈಕಲ್ ಕೂರುವ ಮೇಲಿನ ಚೌಕಟ್ಟಿನಲ್ಲಿ ಮಾಡಬೇಕು, ಕೊಂಡಿಗೆ ಹೋಗುವ ಕಾಲಿನಲ್ಲಿ ಅಲ್ಲ.

ಇನ್ನು ಒಂದರೊಳಗೊಂದು ತೂರುವ ಪ್ರಶ್ನೆ. ಹೊರಗಿನದು 4 ಮಿ.ಮೀ. ದಪ್ಪದ 60 ಮಿ.ಮೀ. ಪೈಪಾದರೆ ಒಳಗೆ 52 ಮಿ.ಮೀ. ಜಾಗ, ಅದರೊಳಗೆ 50ರ ಕಾಲು. ಕಾಗದದ ಮೇಲೆ ಸಲೀಸು. ತೂರಿಸಲು ಹೋದರೆ ಅರ್ಧಕ್ಕೇ ಕಚ್ಚಿಕೊಳ್ಳುತ್ತದೆ. ಪೈಪು ಮಾಡುವಾಗ ತಗಡನ್ನು ಸುತ್ತಿ ಬೆಸೆದ ಜೋಡು ಒಳಗಡೆ ಒಂದು ಏಣಿನಂತೆ ಉಬ್ಬಿಕೊಂಡಿರುತ್ತದೆ. ಕೈ ಪಳಗಿದ ವೆಲ್ಡರ್ ಪೈಪಿನ ಬಾಯಿಗೆ ಟಾರ್ಚು ಹಿಡಿದು ಆ ಏಣು ಯಾವ ಮಗ್ಗುಲಲ್ಲಿದೆ ಎಂದು ಮೊದಲೇ ಗುರುತು ಹಾಕಿ, ಉದ್ದನೆಯ ಅರ್ಧಗುಂಡು ಅರದಿಂದ ಉಜ್ಜುತ್ತಾನೆ. ಅರದ ಸದ್ದು ಕರಕರದಿಂದ ನುಣುಪಿಗೆ ತಿರುಗುವವರೆಗೂ ಉಜ್ಜಿ, ಬೆರಳು ಹಾಕಿ ನೋಡಿ, ಆಮೇಲೇ ಕಾಲನ್ನು ತೂರಿಸುತ್ತಾನೆ.

ಈಗ ತೊಂದರೆ ತಿರುಗುಮುರುಗಾಗುತ್ತದೆ: ಎರಡು ಮಿ.ಮೀ. ಸಡಿಲ. ಕೊಂಡಿಯಲ್ಲಿ ಎರಡು ಮಿ.ಮೀ. ಅಲುಗಿದರೆ ಸೈಕಲಿನ ಹ್ಯಾಂಡಲಿನ ಹೊತ್ತಿಗೆ ಅದು ಸೆಂಟಿಮೀಟರುಗಟ್ಟಲೆ ಓಲಾಟ. ಪ್ರತಿ ಓಲಾಟವೂ ವೆಲ್ಡಿಂಗಿಗೆ ಬೀಳುವ ಒಂದೊಂದು ಏಟು. ಮದ್ದು ಸರಳ. ಹೊರಗಿನ ಪೈಪಿನ ತಳದಲ್ಲೊಂದು, ಮಗ್ಗುಲಲ್ಲೊಂದು ತೂತು ಕೊರೆದು ಅದರ ಮೇಲೆ 12 ಮಿ.ಮೀ. ನಟ್ಟು ಬೆಸೆದು, ಬೋಲ್ಟು ತಿರುಗಿಸಿ ಒಳಗಿನ ಕಾಲನ್ನು ಎದುರು ಮೂಲೆಗೆ ಒತ್ತಿ ಹಿಡಿಸುವುದು.

ಬೆಸುಗೆ, ಬಣ್ಣ, ಮಳೆ

ಹಿಂದೆಲ್ಲ ವೆಲ್ಡಿಂಗ್ ಎಂದರೆ ಎಣ್ಣೆ ತುಂಬಿದ ದೊಡ್ಡ ಟ್ರಾನ್ಸ್‌ಫಾರ್ಮರ್. ಅದು ಚಾಲೂ ಆದರೆ ಅಕ್ಕಪಕ್ಕದ ಮನೆಯ ಬಲ್ಬು ಮಂಕಾಗುತ್ತಿತ್ತು. ಈಗ ಹೆಗಲಿಗೆ ನೇತುಹಾಕಿಕೊಂಡು ಹೋಗುವಷ್ಟು ಹಗುರದ ಇನ್ವರ್ಟರ್ ಯಂತ್ರ ಸಿಂಗಲ್ ಫೇಸಿನಲ್ಲೇ ನಡೆಯುತ್ತದೆ. ಮೂರು ಮಿ.ಮೀ. ಪೈಪಿಗೆ 3.15 ಮಿ.ಮೀ. ರಾಡು, ನೂರರಿಂದ ನೂರಿಪ್ಪತ್ತು ಆಂಪಿಯರ್ ಸಾಕು. ಮೊದಲು ನಾಲ್ಕು ಮೂಲೆಗೆ ಟ್ಯಾಕ್ ಹಾಕಿ, ಗುಣ್ಯ ಹಿಡಿದು ನೇರ ನೋಡಿ, ಎದುರುಬದುರು ಮಗ್ಗುಲನ್ನು ಸರದಿಯಲ್ಲಿ ಬೆಸೆಯಬೇಕು. ಒಂದೇ ಕಡೆಯಿಂದ ಎಳೆದುಕೊಂಡು ಹೋದರೆ ಕಾವಿಗೆ ಪೈಪು ಆ ಕಡೆಗೇ ಸೊಟ್ಟಗಾಗುತ್ತದೆ. ಅಡ್ಡ ಕಾಲು ಮತ್ತು ನಿಂತ ಕಂಬ ಸೇರುವ ಮೂಲೆಗೆ ತ್ರಿಕೋನದ ಪ್ಲೇಟು ಎರಡೂ ಬದಿಗೆ ಬೇಕೇ ಬೇಕು. ಕ್ಯಾರಿಯರ್ ಮುರಿದರೆ ಹೆಚ್ಚಾಗಿ ಆ ಮೂಲೆಯಲ್ಲೇ, ಬೆಸುಗೆಯ ಅಂಚಿನಲ್ಲೇ ಮುರಿಯುತ್ತದೆ. ಬೆಸುಗೆಯ ಮೇಲೆ ಗ್ರೈಂಡರ್ ಆಡಿಸಿ ನುಣ್ಣಗೆ ಮಾಡುವುದು ಗೇಟಿಗೆ ಶೋಭೆ. ಇಲ್ಲಿ ಅದು ತಿನ್ನುವುದು ಬೆಸುಗೆಯ ಬಲವನ್ನೇ.

ಸೈಕಲ್ ಕೂರುವ ಬಗೆ ಎರಡು. ಕಂಬದ ತುದಿಯ ಎರಡು ಕೈಗಳಿಗೆ ಸೈಕಲಿನ ಮೇಲಿನ ದಂಡವನ್ನು ನೇತುಹಾಕುವುದು ಅಗ್ಗ, ಹಗುರ. ಆದರೆ ಎಂಟನೇ ತರಗತಿಯ ಹುಡುಗಿಯರಿಗೆ ಸರಕಾರ ಕೊಟ್ಟಂಥ, ಮೇಲಿನ ದಂಡವೇ ಇಲ್ಲದ ಸೈಕಲು ಅದರಲ್ಲಿ ಕೂರುವುದಿಲ್ಲ. ಚಕ್ರ ಇಡುವ ತೊಟ್ಟಿಯ ಬಗೆ ಎಲ್ಲ ಸೈಕಲಿಗೂ ಒಗ್ಗುತ್ತದೆ. ಮೂರಿಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೆ ತೊಟ್ಟಿ ತಯಾರು. ಕಬ್ಬಿಣ ತಾಗುವಲ್ಲಿ ಹಳೆಯ ಟ್ಯೂಬು ಸುತ್ತಿದರೆ ಸೈಕಲಿನ ಬಣ್ಣ ಉಳಿಯುತ್ತದೆ.

ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ, ಮೇಲಿಂದ ಉಪ್ಪು ಗಾಳಿ. ಕರಾವಳಿಯಲ್ಲಿ ಕಬ್ಬಿಣ ತುಕ್ಕು ಹಿಡಿಯುವುದು ಒಳಗಿನಿಂದ. ಪೈಪಿನ ತುದಿಗಳನ್ನು ಮುಚ್ಚಿ, ತಳದಲ್ಲಿ ನೀರು ಹೋಗಲು ಸಣ್ಣ ತೂತು ಬಿಡಬೇಕು. ಹೊರಗೆ ಜಿಂಕ್ ಪ್ರೈಮರ್, ಅದರ ಮೇಲೆ ಎರಡು ಕೋಟು ಪೈಂಟು. ಬಿಸಿ ಸತುವಿನಲ್ಲಿ ಅದ್ದಿಸುವುದಾದರೆ ಆ ತೂತುಗಳು ಇನ್ನೂ ಮುಖ್ಯ. ಸುಮಾರು 450 ಡಿಗ್ರಿಯ ಸತುವಿಗೆ ಪೂರ್ತಿ ಮುಚ್ಚಿದ ಪೈಪು ಇಳಿದರೆ ಒಳಗಿನ ಗಾಳಿ, ತೇವ ಉಬ್ಬಿ ಸಿಡಿಯುತ್ತದೆ.

ಕಾನೂನಿನ ಗೆರೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡನ್ನು ಒಪ್ಪುವುದಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬಂಪರಿನ ಮುಂದಿನ ಕಬ್ಬಿಣದ ಗಾರ್ಡುಗಳ ವಿರುದ್ಧ ಕ್ರಮಕ್ಕೆ ಸೂಚಿಸಿದ್ದೂ ಇದೇ ಕಲಮಿನಡಿ. ಮಿತಿ ಮೀರಿ ಹೊರಚಾಚಿದ ಹೊರೆಗೆ 2019ರ ತಿದ್ದುಪಡಿ 20,000 ರೂಪಾಯಿ ದಂಡ ಬರೆದಿದೆ. ಆದ್ದರಿಂದ ಪೈಪು ಖರೀದಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಒಮ್ಮೆ ವಿಚಾರಿಸುವುದು ಒಳ್ಳೆಯದು. ದೊಡ್ಡವರ ಸೈಕಲು ಉದ್ದದಲ್ಲಿ ಬೊಲೆರೊದ ಅಗಲವನ್ನು ಮುಟ್ಟುತ್ತದೆ, ಕೆಲವು ಮೀರುತ್ತವೆ. ಮುಂದಿನ ಚಕ್ರ ಬಿಚ್ಚಿ ಒಳಗಿಟ್ಟರೆ ಸಮಸ್ಯೆ ಇಲ್ಲ. ನಂಬರ್ ಪ್ಲೇಟು, ಬ್ರೇಕ್ ಲೈಟು, ಇಂಡಿಕೇಟರು ಹಿಂದಿನವರಿಗೆ ಕಾಣಲೇಬೇಕು. ಸೈಕಲ್ ಇಲ್ಲದ ದಿನ ಪಿನ್ ಎಳೆದು ಕ್ಯಾರಿಯರನ್ನು ಮನೆಯಲ್ಲಿಡಬೇಕು. ಪೇಟೆಯ ಪಾರ್ಕಿಂಗಿನಲ್ಲಿ ಅದರ ತುದಿ ಇರುವುದು ಸರಿಯಾಗಿ ಹಾದುಹೋಗುವವರ ಮೊಣಕಾಲಿನ ಮಟ್ಟಕ್ಕೆ.

ಕೆಲಸ ಮುಗಿದ ಮೇಲೆ ಪರೀಕ್ಷೆ ಶಾಪಿನ ಅಂಗಳದಲ್ಲೇ ಆಗಲಿ. ಒಬ್ಬ ಆಳು ಅದರ ಮೇಲೆ ನಿಂತು ಮೆಲ್ಲಗೆ ಕುಲುಕಲಿ, ಕೊಂಡಿಯಲ್ಲಿ ಸದ್ದು ಬರುತ್ತದೆಯೇ ಕೇಳಿ. ಖಾಲಿ ಕ್ಯಾರಿಯರಿನಲ್ಲಿ ಮುರಕಲ್ಲಿನ ರಸ್ತೆಯಲ್ಲೊಂದು ಸುತ್ತು ಹೊಡೆದು ಬಂದು ಎಲ್ಲ ಬೋಲ್ಟುಗಳನ್ನೂ ಮತ್ತೆ ಬಿಗಿಸಿ. ಆಮೇಲೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅದೇ ಶಾಪಿಗೆ ಒಯ್ದು ತ್ರಿಕೋನದ ಪ್ಲೇಟಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಇದೆಯೇ ನೋಡಿಸಬೇಕು. ಕೊಂಡು ತಂದ ಕ್ಯಾರಿಯರಿನ ಬಿಡಿಭಾಗಕ್ಕೆ ಪಾರ್ಸೆಲ್ ಕಾಯಬೇಕಾಗಬಹುದು. ಇದರ ಬಿರುಕನ್ನು ಮಾಡಿದವನೇ ಉಜ್ಜಿ, ಮತ್ತೆ ಬೆಸೆದು ಸಂಜೆಯೊಳಗೆ ಕೊಡುತ್ತಾನೆ. ಮನೆಯಿಂದ ಎರಡು ಕಿಲೋಮೀಟರಿನೊಳಗೆ ಅಂಥ ಕೈ ಇರುವ ಊರಿನಲ್ಲಿ, ಮಾಡಿಸಿಕೊಳ್ಳುವುದರ ನಿಜವಾದ ಲಾಭ ಇದೇ.