ಲೆಕ್ಕಕ್ಕೆ ಸಿಕ್ಕ ಅಣುಗಳು

ನಕ್ಷತ್ರಗಳ ನಡುವಣ ಅನಿಲ ಮೋಡಗಳಲ್ಲಿರುವ ಅಣುಗಳು ಸದಾ ತಿರುಗುತ್ತಿರುತ್ತವೆ. ಆದರೆ ಮನಬಂದ ವೇಗದಲ್ಲಿ ತಿರುಗಲು ಕ್ವಾಂಟಮ್ ನಿಯಮ ಬಿಡುವುದಿಲ್ಲ. ಅವುಗಳಿಗೆ ಕೆಲವೇ ಮೆಟ್ಟಿಲುಗಳು ಗೊತ್ತಾಗಿರುತ್ತವೆ. ಒಂದು ಮೆಟ್ಟಿಲು ಇಳಿದಾಗ ಅಷ್ಟು ಶಕ್ತಿಯ ರೇಡಿಯೋ ತರಂಗ ಹೊರಬೀಳುತ್ತದೆ. ಪರಮಾಣುಗಳು ಒಂದೇ ಸಾಲಿನಲ್ಲಿ ನಿಂತ ಅಣುವಿನಲ್ಲಿ ಈ ತರಂಗಗಳ ಆವೃತ್ತಿಗಳು ಒಂದು ಮೂಲ ಸಂಖ್ಯೆಯ ಎರಡು ಪಟ್ಟು, ನಾಲ್ಕು ಪಟ್ಟು, ಆರು ಪಟ್ಟು ಎಂದು ಏಣಿಯಂತೆ ಏರುತ್ತವೆ. ಆ ಮೂಲ ಸಂಖ್ಯೆಯೇ ಭ್ರಮಣ ಸ್ಥಿರಾಂಕ. ಅದನ್ನು ನಿರ್ಧರಿಸುವುದು ಮುಖ್ಯವಾಗಿ ಎರಡು ಸಂಗತಿಗಳು: ಪರಮಾಣುಗಳ ದ್ರವ್ಯರಾಶಿ ಮತ್ತು ಅವುಗಳ ನಡುವಿನ ದೂರ. ದ್ರವ್ಯರಾಶಿ ಮೊದಲೇ ಗೊತ್ತು. ದೂರವನ್ನು ಲೆಕ್ಕದಿಂದ ತೆಗೆಯಲು ಬಂದರೆ, ಯಾರೂ ಕಂಡಿರದ ಅಣುವಿನ ರೋಹಿತವನ್ನೂ, ಅಂದರೆ ಅದರ ಆವೃತ್ತಿಗಳ ಸಾಲನ್ನೂ, ಮುಂಚಿತವಾಗಿ ಬರೆದಿಡಬಹುದು. ಗಣಕ ರಸಾಯನವಿಜ್ಞಾನ ಮಾಡುವುದು ಇದನ್ನೇ.

ಲೆಕ್ಕದ ಮೊರೆಹೋಗಲು ಬಲವಾದ ಕಾರಣವಿದೆ. ಖಗೋಳಜ್ಞರು ದಟ್ಟವೆಂದು ಕರೆಯುವ ಮೋಡದಲ್ಲೂ ಒಂದು ಘನ ಸೆಂಟಿಮೀಟರಿಗೆ ಸಾಮಾನ್ಯವಾಗಿ ಇರುವುದು ಹತ್ತಾರು ಸಾವಿರದಿಂದ ಕೆಲವು ಲಕ್ಷ ಅಣುಗಳಷ್ಟೇ. ಭೂಮಿಯ ಮೇಲಿನ ಗಾಳಿಯಲ್ಲಿ ಅಷ್ಟೇ ಜಾಗಕ್ಕೆ ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿವೆ. ಇಲ್ಲಿ ಕಣ್ಣುರೆಪ್ಪೆ ಬಡಿಯುವುದರೊಳಗೆ ಮತ್ತೊಂದಕ್ಕೆ ಡಿಕ್ಕಿ ಹೊಡೆದು ರೂಪ ಕಳೆದುಕೊಳ್ಳುವ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಅಣುಗಳು, ಅಲ್ಲಿ ನಿರಾತಂಕವಾಗಿ ಬಾಳುತ್ತವೆ. ಅಂಥವನ್ನು ಪ್ರಯೋಗಾಲಯದಲ್ಲಿ ಅಳೆಯುವಷ್ಟು ಹೊತ್ತು, ಅಳೆಯುವಷ್ಟು ಪ್ರಮಾಣದಲ್ಲಿ ಉಳಿಸಿಕೊಳ್ಳುವುದು ಬಹಳ ಕಷ್ಟ.

ಮೊದಲ ದೊಡ್ಡ ಪರೀಕ್ಷೆ ಬಂದದ್ದು 1970ರಲ್ಲಿ. ಅಮೆರಿಕದ ಡೇವಿಡ್ ಬುಹ್ಲ್ ಮತ್ತು ಲೂಯಿಸ್ ಸ್ನೈಡರ್ ಅವರು ಅರಿಜೋನಾದ ಕಿಟ್ ಪೀಕ್ ದೂರದರ್ಶಕದಲ್ಲಿ 89.19 ಗಿಗಾಹರ್ಟ್ಸ್ ಬಳಿ ಪ್ರಬಲವಾದ ರೋಹಿತ ರೇಖೆಯೊಂದನ್ನು ಕಂಡರು. ಗೊತ್ತಿದ್ದ ಯಾವ ಅಣುವಿಗೂ ಅದು ತಾಳೆಯಾಗಲಿಲ್ಲ. ‘ಎಕ್ಸೋಜನ್’ ಎಂಬ ತಾತ್ಕಾಲಿಕ ಹೆಸರು ಬಂತು. ಕಾರ್ಬನ್ ಮಾನಾಕ್ಸೈಡಿಗೆ ಒಂದು ಪ್ರೋಟಾನ್ ಅಂಟಿಕೊಂಡ ಅಯಾನು ಅದಾಗಿರಬೇಕೆಂದು ಹಾರ್ವರ್ಡ್‌ನ ವಿಲಿಯಂ ಕ್ಲೆಂಪರರ್ ಅದೇ ವರ್ಷ ಸೂಚಿಸಿದರು. 1973ರಲ್ಲಿ ಹೆನ್ರಿ ಶೇಫರ್ ಮತ್ತು ಸಂಗಡಿಗರ ಕ್ವಾಂಟಮ್ ಲೆಕ್ಕ ಈ ಊಹೆಯನ್ನು ಬೆಂಬಲಿಸಿತು. 1975ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕ್ಲಾಡ್ ವುಡ್ಸ್ ಅವರ ತಂಡ ವಿದ್ಯುತ್ ವಿಸರ್ಜನೆಯ ಕೊಳವೆಯಲ್ಲಿ ಆ ಅಯಾನನ್ನೇ ಹುಟ್ಟಿಸಿ ರೇಖೆಯನ್ನು ಅಳೆಯಿತು. ಸಂದೇಹ ಅಲ್ಲಿಗೆ ಮುಗಿಯಿತು. ಊಹೆ, ಲೆಕ್ಕ, ಪ್ರಯೋಗ ಎಂಬ ಈ ಸರಣಿ ಆಮೇಲೆ ಅನೇಕ ಅಣುಗಳ ವಿಷಯದಲ್ಲಿ ಮರುಕಳಿಸಿದೆ.

ಲೆಕ್ಕ ಶುರುವಾಗುವುದು ಕ್ವಾಂಟಮ್ ವಿಜ್ಞಾನದ ಮೂಲವಾದ ಶ್ರೋಡಿಂಗರ್ ಸಮೀಕರಣದಿಂದ. ಪರಮಾಣು ಬೀಜಗಳು ಭಾರ, ಎಲೆಕ್ಟ್ರಾನುಗಳು ಹಗುರ. ಆದ್ದರಿಂದ ಬೀಜಗಳು ಒಂದು ಕಡೆ ನಿಂತಿವೆಯೆಂದು ಭಾವಿಸಿ ಎಲೆಕ್ಟ್ರಾನುಗಳ ಶಕ್ತಿಯನ್ನಷ್ಟೇ ಮೊದಲು ಕಂಡುಕೊಳ್ಳಲಾಗುತ್ತದೆ. 1927ರಲ್ಲಿ ಬಾರ್ನ್ ಮತ್ತು ಓಪನ್‌ಹೈಮರ್ ತೋರಿಸಿಕೊಟ್ಟ ದಾರಿ ಇದು. ಬೀಜಗಳನ್ನು ಸ್ವಲ್ಪ ಸ್ವಲ್ಪ ಸರಿಸಿ ಮತ್ತೆ ಮತ್ತೆ ಲೆಕ್ಕ ಮಾಡಿದಾಗ ಶಕ್ತಿಯ ಏರುತಗ್ಗುಗಳ ನಕ್ಷೆ ಸಿಗುತ್ತದೆ. ಅದರ ಅತಿ ತಗ್ಗಿನ ಜಾಗವೇ ಅಣುವಿನ ಆಕಾರ. ತೊಡಕಿರುವುದು ಎಲೆಕ್ಟ್ರಾನುಗಳು ಪರಸ್ಪರ ತಪ್ಪಿಸಿಕೊಂಡು ಓಡಾಡುವುದರಲ್ಲಿ. ಅದನ್ನು ಚೆನ್ನಾಗಿ ಹಿಡಿಯುವ ‘ಕಪಲ್ಡ್ ಕ್ಲಸ್ಟರ್’ ವಿಧಾನದ ಹೆಚ್ಚು ಬಳಕೆಯ ರೂಪದಲ್ಲಿ ಅಣುವಿನ ಗಾತ್ರ ಇಮ್ಮಡಿಯಾದರೆ ಗಣಕದ ದುಡಿಮೆ ಸುಮಾರು 128 ಪಟ್ಟಾಗುತ್ತದೆ.

ಆಕಾರ ಸಿಕ್ಕಿತೆಂದರೆ ಕೆಲಸ ಮುಗಿಯಲಿಲ್ಲ. ಎಂಥ ಚಳಿಯಲ್ಲೂ ಅಣು ನಿಶ್ಚಲವಾಗಿರದು. ಅದರ ಬಂಧಗಳು ಸದಾ ಮಿಡಿಯುತ್ತಲೇ ಇರುತ್ತವೆ. ದೂರದರ್ಶಕ ಕಾಣುವುದು ಆ ಮಿಡಿತದ ಸರಾಸರಿ ಆಕಾರವನ್ನು. ಹಾಗಾಗಿ ಕಂಪನಗಳ ತಿದ್ದುಪಡಿಯನ್ನೂ ಸೇರಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ಶೇಕಡ 0.1ರ ತಪ್ಪು ಉಳಿದರೆ, 90 ಗಿಗಾಹರ್ಟ್ಸ್‌ನಲ್ಲಿ ಅದು 90 ಮೆಗಾಹರ್ಟ್ಸ್. ರೇಡಿಯೋ ದೂರದರ್ಶಕವೋ 0.1 ಮೆಗಾಹರ್ಟ್ಸ್‌ಗಿಂತ ಕಿರಿದಾದ ವ್ಯತ್ಯಾಸವನ್ನೂ ಗುರುತಿಸಬಲ್ಲದು. ಆದ್ದರಿಂದ ಒಂಟಿ ರೇಖೆಯನ್ನು ಲೆಕ್ಕ ಮಾತ್ರದಿಂದ ಹೆಸರಿಸುವುದು ದುಡುಕು. ಲೆಕ್ಕಕ್ಕೆ ನಿಜವಾದ ಬಲ ಬರುವುದು ಆಕಾಶದಲ್ಲಿ ಇಡೀ ಏಣಿಯೇ ಕಂಡಾಗ.

ಅಂಥ ಏಣಿಯೊಂದು ಸಿಂಹ ರಾಶಿಯ ದಿಕ್ಕಿನಲ್ಲಿರುವ ಐಆರ್‌ಸಿ+10216 ಎಂಬ ಮುಪ್ಪಿನ ನಕ್ಷತ್ರದ ಸುತ್ತ ಸಿಕ್ಕಿತು. ಇಂಗಾಲದ ಮಸಿಯನ್ನು ಉಗುಳುತ್ತಿರುವ ಈ ನಕ್ಷತ್ರದ ರೋಹಿತವನ್ನು ಜಪಾನಿನ ನೊಬೆಯಾಮಾದ 45 ಮೀಟರ್ ದೂರದರ್ಶಕದಲ್ಲಿ ಕವಾಗುಚಿ ಮತ್ತು ಸಂಗಡಿಗರು ಜಾಲಾಡಿ, 1995ರಲ್ಲಿ ಪ್ರಕಟಿಸಿದರು. ಅದರಲ್ಲಿ 1377 ಮೆಗಾಹರ್ಟ್ಸ್‌ನ ಭ್ರಮಣ ಸ್ಥಿರಾಂಕಕ್ಕೆ ಹೊಂದುವ ಅನಾಮಧೇಯ ರೇಖೆಗಳ ಸಾಲೊಂದಿತ್ತು. ಬಿ1377 ಎಂದೇ ಅದು ಹೆಸರಾಯಿತು. ಆರು ಇಂಗಾಲ, ಒಂದು ಜಲಜನಕ ಸೇರಿ ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಹೊತ್ತ ಋಣ ಅಯಾನು ಇದಾಗಿರಬಹುದೆಂದು 2000ದಲ್ಲಿ ಅಓಕಿ ಅವರ ಲೆಕ್ಕ ಸೂಚಿಸಿತು. ಅಂತರಿಕ್ಷದಲ್ಲಿ ಒಂದೇ ಒಂದು ಋಣ ಅಯಾನೂ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. 2006ರಲ್ಲಿ ಮೆಕಾರ್ಥಿ, ಗಾಟ್ಲೀಬ್, ಗುಪ್ತಾ, ಥ್ಯಾಡಿಯಸ್ ಅವರು ಪ್ರಯೋಗಾಲಯದಲ್ಲಿ ಅದರ ರೋಹಿತವನ್ನು ಅಳೆದಾಗ ಸೂಚನೆ ನಿಜವಾಯಿತು. ಎರಡು ವರ್ಷಗಳ ನಂತರ ಅದೇ ನಕ್ಷತ್ರದ ಹೊದಿಕೆಯಲ್ಲಿ ಐದು ಇಂಗಾಲ, ಒಂದು ಸಾರಜನಕದ ಋಣ ಅಯಾನು ಪತ್ತೆಯಾಯಿತು. ಅದನ್ನು ಗುರುತಿಸಲು ಆಧಾರವಾಗಿದ್ದದ್ದು ಬಾಟ್ಶ್‌ವಿನಾ ಮತ್ತು ಓಸ್ವಾಲ್ಡ್ ಅವರ ಲೆಕ್ಕ.

ಲೆಕ್ಕ ದಾರಿ ತಪ್ಪಿಸಿದ ಪ್ರಸಂಗವೂ ಇದೆ, ಮತ್ತು ಕಲಿಯುವುದಕ್ಕೆ ಅದರಲ್ಲೇ ಹೆಚ್ಚು ಸಿಗುತ್ತದೆ. 2012ರಲ್ಲಿ ಕುದುರೆತಲೆ ನೀಹಾರಿಕೆಯಲ್ಲಿ ಕಂಡ ರೇಖೆಗಳ ಏಣಿಯನ್ನು ಮೂರು ಇಂಗಾಲ, ಒಂದು ಜಲಜನಕದ ಧನ ಅಯಾನಿನದೆಂದು ಪೆಟಿ ಮತ್ತು ಸಂಗಡಿಗರು ಹೇಳಿದರು. ತಿರುಗುವ ವೇಗ ಹೆಚ್ಚಿದಂತೆ ಅಣು ಹಿಗ್ಗುತ್ತದೆ, ಏಣಿಯ ಮೆಟ್ಟಿಲುಗಳು ಚೂರು ಹತ್ತಿರವಾಗುತ್ತವೆ. ಈ ಅಯಾನಿಗೆ ಲೆಕ್ಕ ಹೇಳಿದ ಹಿಗ್ಗು, ಆಕಾಶದಲ್ಲಿ ಕಂಡದ್ದಕ್ಕಿಂತ ತೀರ ಕಡಿಮೆಯಿತ್ತು. ಹಾಗಾಗಿ ಇದು ಧನ ಅಯಾನಲ್ಲ, ಅದೇ ಪರಮಾಣುಗಳ ಋಣ ಅಯಾನೆಂಬ ವಾದ 2013ರಲ್ಲಿ ಹುಟ್ಟಿತು. ಮರುವರ್ಷ ಜರ್ಮನಿಯ ಕಲೋನ್‌ನಲ್ಲಿ ಬ್ರೂನ್ಕೆನ್ ಮತ್ತು ಸಂಗಡಿಗರು ಧನ ಅಯಾನನ್ನು ಅತಿಶೀತದ ಬಲೆಯಲ್ಲಿ ಹಿಡಿದು ಅಳೆದರು. ಪೆಟಿ ತಂಡದ ಗುರುತೇ ಸರಿಯಾಗಿತ್ತು. ಆ ಅಯಾನಿನ ಇಂಗಾಲದ ಸರಪಳಿ ನಡುವೆ ಹಗ್ಗದಂತೆ ಸಡಿಲವಾಗಿ ಬಾಗುತ್ತದೆ. ಗಟ್ಟಿ ಅಣುಗಳಿಗೆ ಒಪ್ಪುವ ಕಂಪನದ ತಿದ್ದುಪಡಿ ಇಂಥ ಸಡಿಲ ಅಣುವಿಗೆ ಸಾಲದು.

ರೇಖೆ ಎಲ್ಲಿದೆ ಎಂಬುದರ ಜೊತೆಗೆ ಎಷ್ಟು ಪ್ರಖರವಾಗಿರಬೇಕು ಎಂಬುದನ್ನೂ ಲೆಕ್ಕವೇ ಹೇಳಬೇಕಾಗುತ್ತದೆ. ಪ್ರಖರತೆ ನಿಂತಿರುವುದು ಅಣುವಿನಲ್ಲಿ ವಿದ್ಯುದಂಶ ಎಷ್ಟು ಅಸಮವಾಗಿ ಹಂಚಿಹೋಗಿದೆ ಎಂಬುದರ ಮೇಲೆ, ಅಂದರೆ ದ್ವಿಧ್ರುವ ಮಹತ್ತ್ವದ ಮೇಲೆ. ಅಲ್ಪಾಯು ಅಣುಗಳಲ್ಲಿ ಇದನ್ನು ಅಳೆಯುವುದು ಆವೃತ್ತಿಯನ್ನು ಅಳೆಯುವುದಕ್ಕಿಂತ ಕಷ್ಟ. ನಾಲ್ಕು ಇಂಗಾಲ, ಒಂದು ಜಲಜನಕದ ಅಣುವಿಗೆ ದಶಕಗಳ ಕಾಲ 0.87 ಡಿಬೈ (ಡಿಬೈ ಎಂಬುದು ದ್ವಿಧ್ರುವ ಮಹತ್ತ್ವದ ಮಾನ) ಎಂಬ ಬೆಲೆ ಬಳಕೆಯಲ್ಲಿತ್ತು. ಇದರ ಎರಡು ಎಲೆಕ್ಟ್ರಾನ್ ಸ್ಥಿತಿಗಳು ಶಕ್ತಿಯಲ್ಲಿ ತೀರ ಹತ್ತಿರವಿದ್ದು ಒಂದರೊಳಗೊಂದು ಬೆರೆಯುತ್ತವೆ. ಆ ಬೆರಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, 2020ರಲ್ಲಿ, ಬೆಲೆ 2.10 ಡಿಬೈಗೆ ಏರಿತು. ಪ್ರಖರತೆ ಈ ಬೆಲೆಯ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅಂತರಿಕ್ಷದಲ್ಲಿ ಇದೆಯೆಂದು ನಂಬಿದ್ದ ಆ ಅಣುವಿನ ಪ್ರಮಾಣ ಸುಮಾರು ಆರನೇ ಒಂದು ಭಾಗಕ್ಕೆ ಇಳಿಯಿತು.

ಅವಕೆಂಪು ರೋಹಿತದಲ್ಲಿ ಅಣುಗಳ ತಿರುಗಾಟಕ್ಕಿಂತ ಕಂಪನವೇ ಮುಖ್ಯ. ಅನೇಕ ನೀಹಾರಿಕೆಗಳಲ್ಲಿ 3.3, 6.2, 7.7, 8.6, 11.3 ಮೈಕ್ರೋಮೀಟರ್‌ಗಳಲ್ಲಿ ಕಾಣುವ ಅಗಲ ಪಟ್ಟಿಗಳು ಬೆಂಜೀನ್ ಉಂಗುರಗಳು ಕೂಡಿಕೊಂಡ ದೊಡ್ಡ ಅಣುಗಳಿಂದ ಬರುತ್ತವೆಂದು ಹೆಚ್ಚಿನವರು ಒಪ್ಪುತ್ತಾರೆ. ಅಷ್ಟು ದೊಡ್ಡ ಅಣುವಿಗೆ ಕಪಲ್ಡ್ ಕ್ಲಸ್ಟರ್ ಎಟುಕುವುದಿಲ್ಲ. ಎಲೆಕ್ಟ್ರಾನುಗಳ ಸಾಂದ್ರತೆಯನ್ನೇ ಆಧರಿಸಿದ ಅಗ್ಗದ ವಿಧಾನ ಸಾಕೆನ್ನಬೇಕು. ಅದು ಆವೃತ್ತಿಗಳನ್ನು ತುಸು ಹೆಚ್ಚಾಗಿ ಹೇಳುವ ಕಾರಣ, ಸುಮಾರು 0.96ರಿಂದ ಗುಣಿಸಿ ಇಳಿಸುತ್ತಾರೆ. ನಾಸಾದ ಏಮ್ಸ್ ಕೇಂದ್ರ ಇಂಥ ಸಾವಿರಾರು ರೋಹಿತಗಳನ್ನು ಲೆಕ್ಕಹಾಕಿ ಕೂಡಿಟ್ಟಿದೆ. ಆಕಾಶದಲ್ಲಿ ಕಂಡ ಅಗಲ ಪಟ್ಟಿಗಳಿಂದ ಇಂಥದ್ದೇ ಅಣುವೆಂದು ಬೆರಳಿಟ್ಟು ತೋರಿಸಲಾಗದು. ಆದರೆ ವಿದ್ಯುದಂಶವಿಲ್ಲದ ಅಣುಗಳಲ್ಲಿ 3.3 ಮತ್ತು 11.3ರ ಪಟ್ಟಿಗಳೂ, ಎಲೆಕ್ಟ್ರಾನ್ ಕಳೆದುಕೊಂಡವುಗಳಲ್ಲಿ 6ರಿಂದ 9ರ ನಡುವಿನವೂ ಪ್ರಬಲವೆಂದು ಲೆಕ್ಕ ತಿಳಿಸುತ್ತದೆ. ಆ ಎರಡರ ಅನುಪಾತ ನೋಡಿ, ಜೇಮ್ಸ್ ವೆಬ್ ದೂರದರ್ಶಕ ಕಳಿಸಿದ ರೋಹಿತಗಳಲ್ಲಿ ಮೋಡದ ಯಾವ ಭಾಗಕ್ಕೆ ನಕ್ಷತ್ರದ ನೇರಳಾತೀತ ಬೆಳಕು ಜೋರಾಗಿ ಬಡಿಯುತ್ತಿದೆ ಎಂಬುದನ್ನು ಓದಬಹುದು.