ಸುಂಕದವನ ಮುಂದೆ ಸುಖದುಃಖ

ಕೋಲಾರ ಸೀಮೆಯ ಸರಕು ಗಾಡಿಯೂ ಆದಾಯಕರದ ಲೆಕ್ಕವೂ

ಮಾವಿನ ಕಾಲ ಬಂದಿತೆಂದರೆ ಶ್ರೀನಿವಾಸಪುರದ ಬೀದಿಗಳಿಗೆ ನಿದ್ರೆಯೆಂಬುದಿಲ್ಲ. ಮೇ ತಿಂಗಳಿನಿಂದ ಜುಲೈವರೆಗೆ ತೋಟದಿಂದ ಮಂಡಿಗೆ, ಮಂಡಿಯಿಂದ ದೂರದ ಪೇಟೆಗಳಿಗೆ ಹಣ್ಣಿನ ಹೊಳೆ ಹರಿಯುತ್ತಲೇ ಇರುತ್ತದೆ. ಅತ್ತ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ತೂಕದ ಟೊಮೆಟೊ ಪೆಟ್ಟಿಗೆಗಳು ಗೋಡೆಯಂತೆ ಎದ್ದು ನಿಲ್ಲುತ್ತವೆ. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯಲ್ಲಿಯೂ ಅದೇ ಸಂಭ್ರಮ. ಮಾಲೂರಿನ ತರಕಾರಿಯೂ ಹೂವೂ ಬೆಳಗಾಗುವ ಮೊದಲೇ ಬೆಂಗಳೂರಿನ ಹಾದಿ ಹಿಡಿದಿರುತ್ತವೆ. ಹಿಂದೆ ಎತ್ತಿನ ಬಂಡಿ ಮಾಡುತ್ತಿದ್ದ ಈ ಕೆಲಸವನ್ನು ಇಂದು ಬಹುಮಟ್ಟಿಗೆ ವಹಿಸಿಕೊಂಡಿರುವುದು ‘ಕೆ.ಎ. 07’ ಫಲಕ ಹೊತ್ತ ಪಿಕಪ್ ಗಾಡಿ.

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಫಲ?’ ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಎತ್ತಿನ ಹೇರಿಗೆ ಇಷ್ಟು ಸುಂಕವೆಂದು ಶಾಸನಗಳು ವಿಧಿಸುತ್ತಿದ್ದ ಕಾಲದಲ್ಲಿ ಆ ಮಾತು ಸತ್ಯವಾಗಿತ್ತು. ಹೇರನ್ನು ಎಣಿಸುವ ಸುಂಕದವನು ವ್ಯಾಪಾರಿಯ ಲಾಭನಷ್ಟವನ್ನು ಕೇಳುತ್ತಿರಲಿಲ್ಲ. ಆದಾಯಕರದ ಪರಿಯೇ ಬೇರೆ. ಅದು ಬೀಳುವುದು ಸರಕಿನ ಮೇಲಲ್ಲ, ಖರ್ಚು ಕಳೆದು ಉಳಿದ ಲಾಭದ ಮೇಲೆ. ಆದುದರಿಂದ ಇಲ್ಲಿ ಸುಖದುಃಖ ಹೇಳಿಕೊಳ್ಳುವುದಕ್ಕೆ ಅವಕಾಶವುಂಟು. ಆದರೆ ರಸೀತಿಯೊಡನೆ ಹೇಳಬೇಕು!

ಒಂದೇ ಗಾಡಿ, ಮೂರು ಲೆಕ್ಕ

ಒಂದೇ ಬಣ್ಣದ, ಒಂದೇ ಬೆಲೆಯ ಮೂರು ಪಿಕಪ್‌ಗಳು ಶ್ರೀನಿವಾಸಪುರದ ಮಂಡಿಯ ಬಾಗಿಲಲ್ಲಿ ಸಾಲಾಗಿ ನಿಂತಿವೆ ಎಂದುಕೊಳ್ಳೋಣ. ಕರದ ಕಣ್ಣಿಗೆ ಅವು ಮೂರೂ ಬೇರೆ ಬೇರೆ.

ಮೊದಲನೆಯದು ತನ್ನ ತೋಟದ ಮಾವನ್ನೇ ತಂದ ರೈತನದು. ಅವನ ಆದಾಯ ಕೃಷಿಯದು. ಅದಕ್ಕೆ ಕೇಂದ್ರದ ಆದಾಯಕರವಿಲ್ಲ. ಕರವಿಲ್ಲದ ಕಡೆ ವಿನಾಯಿತಿಯ ಪ್ರಶ್ನೆಯೂ ಇಲ್ಲ. ಅದೇ ರೈತನಿಗೆ ಪೇಟೆಯಲ್ಲೊಂದು ಅಂಗಡಿಯಿದ್ದರೆ, ತೋಟದ ಗಾಡಿಯ ಖರ್ಚನ್ನು ಅಂಗಡಿಯ ಲಾಭದಲ್ಲಿ ಕಳೆಯುವುದು ಸಲ್ಲದು.

ಎರಡನೆಯದು ಮರದ ಮೇಲಿನ ಫಸಲನ್ನೇ ಗುತ್ತಿಗೆ ಹಿಡಿದ ವ್ಯಾಪಾರಿಯದು. ಹಣ್ಣು ಅದೇ, ತೋಟವೂ ಅದೇ. ಆದರೆ ಇವನು ಬೆಳೆದವನಲ್ಲ, ಕೊಂಡವನು. ಇವನ ಲಾಭ ವ್ಯಾಪಾರದ ಲಾಭ. ಕ್ರಮವಾಗಿ ಲೆಕ್ಕ ಇಟ್ಟಿದ್ದರೆ ಡೀಸೆಲ್, ಟೈರು, ದುರಸ್ತಿ, ವಿಮೆ, ರಸ್ತೆ ತೆರಿಗೆ, ಡ್ರೈವರನ ಸಂಬಳ, ದಿನಭತ್ಯೆ ಎಲ್ಲವನ್ನೂ ಕಳೆಯಬಹುದು. ಗಾಡಿಯ ಬೆಲೆಯನ್ನು ಮಾತ್ರ ಒಮ್ಮೆಗೇ ಕಳೆಯುವಂತಿಲ್ಲ. ಅದಕ್ಕೆ ‘ಸವಕಳಿ’ ಎಂಬ ಮಾರ್ಗವಿದೆ. ಸ್ವಂತ ವ್ಯಾಪಾರದ ಸರಕು ಗಾಡಿಗೆ ಸವಕಳಿಯ ದರ ಶೇಕಡ 15. ಹತ್ತು ಲಕ್ಷ ರೂಪಾಯಿನ ಗಾಡಿಗೆ ಮೊದಲ ವರ್ಷ 1,50,000, ಉಳಿದ ಬೆಲೆಯ ಮೇಲೆ ಎರಡನೆಯ ವರ್ಷ 1,27,500, ಮೂರನೆಯ ವರ್ಷ 1,08,375. ಹೀಗೆ ಇಳಿಯುತ್ತಾ ಹೋಗುತ್ತದೆ.

ಮೂರನೆಯದು ಬಾಡಿಗೆಯ ಗಾಡಿ. ಊರವರ ಸರಕನ್ನು ಹೊತ್ತು ಬಾಡಿಗೆಯಿಂದಲೇ ಬದುಕುವ ಗಾಡಿ ಬೇಗ ಸವೆಯುತ್ತದೆಂದು ಕಾನೂನೂ ಒಪ್ಪಿದೆ. ಅದರ ಸವಕಳಿ ಶೇಕಡ 30. ಲೆಕ್ಕದ ಗೋಜೇ ಬೇಡವೆನ್ನುವ ಬಾಡಿಗೆದಾರನಿಗೆ ಇನ್ನೊಂದು ದಾರಿಯೂ ಉಂಟು. ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದವನು, ಪಿಕಪ್‌ನಂಥ ಹಗುರ ಗಾಡಿಯೊಂದಕ್ಕೆ ತಿಂಗಳಿಗೆ 7,500 ರೂಪಾಯಿ, ಅಂದರೆ ವರ್ಷಕ್ಕೆ 90,000 ರೂಪಾಯಿ ಲಾಭವೆಂದು ತೋರಿಸಿ ಮುಗಿಸಬಹುದು. ನಿಜವಾದ ಲಾಭ ಇದಕ್ಕಿಂತ ಹೆಚ್ಚೆಂದು ಅವನೇ ಹೇಳಿದರೆ ಆ ಹೆಚ್ಚಿನ ಮೊತ್ತವೇ ಲೆಕ್ಕಕ್ಕೆ ಬರುತ್ತದೆ. ಈ ಸುಲಭಕ್ಕೂ ಬೆಲೆಯಿದೆ. ಡೀಸೆಲ್, ಬಡ್ಡಿ, ಸವಕಳಿ ಯಾವುದನ್ನೂ ಮತ್ತೆ ಕಳೆಯಲಾಗದು. ಮಾವಿನ ಕಾಲ ಮುಗಿದು ಗಾಡಿ ಹುಣಿಸೆಮರದ ನೆರಳಿನಲ್ಲಿ ಸುಮ್ಮನೆ ನಿಂತಿದ್ದರೂ, ಒಡೆತನದಲ್ಲಿರುವ ಪ್ರತಿ ತಿಂಗಳೂ ಎಣಿಕೆಗೆ ಸೇರುತ್ತದೆ.

ಆಯುಧಪೂಜೆಯ ಗಾಡಿ

ಹೊಸ ಗಾಡಿಗೆ ಆಯುಧಪೂಜೆಯ ದಿನವೇ ಕುಂಬಳಕಾಯಿ ಒಡೆಯಬೇಕೆಂಬುದು ನಮ್ಮವರ ಆಸೆ. ಆದರೆ ಸವಕಳಿಯ ನಿಯಮಕ್ಕೆ ತನ್ನದೇ ಪಂಚಾಂಗವಿದೆ. ಕೊಂಡ ವರ್ಷದಲ್ಲಿ, ಮಾರ್ಚ್ 31ರೊಳಗೆ, ಗಾಡಿ 180 ದಿನಕ್ಕಿಂತ ಕಡಿಮೆ ಉಪಯೋಗದಲ್ಲಿದ್ದರೆ ಆ ವರ್ಷ ಅರ್ಧ ಸವಕಳಿಯೇ ಸಿಗುವುದು. 2024ರಲ್ಲಿ ಆಯುಧಪೂಜೆ ಬಂದದ್ದು ಅಕ್ಟೋಬರ್ 11ರಂದು. ಉಳಿದದ್ದು 172 ದಿನ. ಅಂದು ಹತ್ತು ಲಕ್ಷದ ಗಾಡಿಯನ್ನು ಬೀದಿಗಿಳಿಸಿದ ವ್ಯಾಪಾರಿಗೆ 1,50,000ದ ಬದಲು 75,000 ಮಾತ್ರ. 2025ರಲ್ಲಿ ಹಬ್ಬ ಅಕ್ಟೋಬರ್ 1ಕ್ಕೇ ಬಂದಿತು. 182 ದಿನಗಳಾಗಿ ಪೂರ್ಣ ಸವಕಳಿ ದಕ್ಕಿತು. ಅರ್ಧ ಸಿಕ್ಕವನು ಉಳಿದುದನ್ನು ಕಳೆದುಕೊಂಡನೆಂದಲ್ಲ. ಅದು ಮುಂದಿನ ವರ್ಷಗಳ ಬೆಲೆಯಲ್ಲಿ ಉಳಿದಿರುತ್ತದೆ. ಆದರೆ ಸಾಲದ ಕಂತು ಮುಂದಿನ ವರ್ಷಕ್ಕೆ ಕಾಯುವುದಿಲ್ಲವಲ್ಲ!

ಎಡವುವ ಜಾಗಗಳು

ಕಂತಿನ ವಿಷಯದಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಬ್ಯಾಂಕಿಗೆ ಕಟ್ಟುವ ಕಂತು ಪೂರ್ತಿಯೂ ಖರ್ಚಲ್ಲ. ಅದರಲ್ಲಿ ಬಡ್ಡಿಯ ಭಾಗವಷ್ಟೇ ಖರ್ಚು. ಅಸಲಿನ ಭಾಗ ಸಾಲ ತೀರಿಸಿದ್ದು. ಅಸಲನ್ನೂ ಸವಕಳಿಯನ್ನೂ ಕಳೆದರೆ ಒಂದೇ ಗಾಡಿಯನ್ನು ಎರಡು ಸಲ ಕಳೆದಂತಾಗುತ್ತದೆ.

ಎರಡನೆಯದು ನಗದು. ಒಂದೇ ದಿನ ಒಬ್ಬನಿಗೇ 10,000 ರೂಪಾಯಿಗೆ ಮೀರಿ ನಗದಾಗಿ ಕೊಟ್ಟ ಖರ್ಚು ಸಾಮಾನ್ಯವಾಗಿ ತಿರಸ್ಕೃತವಾಗುತ್ತದೆ. ಸರಕು ವಾಹನದ ಬಾಡಿಗೆಗೆ ಮಾತ್ರ ಈ ಮಿತಿ 35,000. ಗಾಡಿಯನ್ನೇ ಕೊಳ್ಳುವಾಗ ಈ ಮಿತಿ ಮೀರಿ ಕೈಯಿಂದ ಎಣಿಸಿಕೊಟ್ಟ ಮೊತ್ತಕ್ಕೆ ಸವಕಳಿಯೂ ಇಲ್ಲ.

ಮೂರನೆಯದು ದಂಡ. ಮಿತಿ ಮೀರಿ ಸರಕು ಹೇರಿ ತೆತ್ತ ದಂಡವನ್ನು ವ್ಯಾಪಾರದ ಖರ್ಚೆಂದು ಬರೆಯುವಂತಿಲ್ಲ. ನಾಲ್ಕನೆಯದು ಮನೆಯ ಬಳಕೆ. ಅದೇ ಗಾಡಿಯಲ್ಲಿ ಮದುವೆಯ ಸಾಮಾನು ಸಾಗಿಸಿದರೆ ಆ ಪಾಲನ್ನು ಬಿಟ್ಟು ಉಳಿದುದನ್ನೇ ಕೇಳಬೇಕು.

ಜಿ.ಎಸ್.ಟಿ.ಯಲ್ಲಿಯೂ ಒಂದು ಸೂಕ್ಷ್ಮವಿದೆ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನದ ದರ ಶೇಕಡ 28ರಿಂದ 18ಕ್ಕೆ ಇಳಿಯಿತು. ಮಾಲೂರಿನಲ್ಲಿ ತೆರಿಗೆಯುಳ್ಳ ಸರಕನ್ನು ತಯಾರಿಸಿ ಮಾರುವ ನೋಂದಾಯಿತ ಉದ್ಯಮಿ ಸಾಮಾನ್ಯ ಪದ್ಧತಿಯಲ್ಲಿದ್ದರೆ, ಕೊಂಡಾಗ ತೆತ್ತ ಈ ತೆರಿಗೆಯನ್ನು ಜಮೆ ಪಡೆಯಬಹುದು. ಆಗ ಆ ಮೊತ್ತಕ್ಕೆ ಸವಕಳಿ ಕೇಳಬಾರದು. ತಾಜಾ ಹಣ್ಣು ತರಕಾರಿಗೆ ಜಿ.ಎಸ್.ಟಿ. ಇಲ್ಲವಾದ ಕಾರಣ, ಅದನ್ನಷ್ಟೇ ಮಾರುವವನಿಗೆ ಈ ಜಮೆಯಿಲ್ಲ. ಅವನು ತೆತ್ತ ತೆರಿಗೆ ಗಾಡಿಯ ಬೆಲೆಯಲ್ಲಿಯೇ ಸೇರುತ್ತದೆ.

ನಷ್ಟದ ವರ್ಷವೂ ಲೆಕ್ಕದ ವರ್ಷವೇ

2023ರ ಜುಲೈಯಲ್ಲಿ ಕೋಲಾರದ ಟೊಮೆಟೊ ಪೆಟ್ಟಿಗೆಯೊಂದು 2,000 ರೂಪಾಯಿಯನ್ನು ಮೀರಿತ್ತು. ಕೆಲವೇ ವಾರಗಳಲ್ಲಿ ಬೆಲೆ ನೆಲಕಚ್ಚಿತು. ಇಂಥ ಏರಿಳಿತದ ವ್ಯಾಪಾರದಲ್ಲಿ ನಷ್ಟ ಅಪರೂಪವಲ್ಲ. ‘ಲಾಭವೇ ಇಲ್ಲ, ರಿಟರ್ನ್ ಏಕೆ?’ ಎಂದು ಕೈಕಟ್ಟಿ ಕುಳಿತರೆ ದೊಡ್ಡ ಸೌಲಭ್ಯ ಕೈತಪ್ಪುತ್ತದೆ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದವನು ವ್ಯಾಪಾರದ ನಷ್ಟವನ್ನು ಮುಂದಿನ ಎಂಟು ವರ್ಷಗಳ ಲಾಭದಲ್ಲಿ ಕಳೆದುಕೊಳ್ಳಬಹುದು.

1961ರ ಆದಾಯಕರ ಕಾಯಿದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ 2025ರ ಹೊಸ ಕಾಯಿದೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ. ‘ಗಾಡಿ ಯಾವ ಕೆಲಸಕ್ಕೆ ಓಡಿತು?’ ಎಂಬ ಮೂಲ ಪ್ರಶ್ನೆ ಬದಲಾಗಿಲ್ಲ.

ಅದಕ್ಕೆ ಉತ್ತರ ಕೊಡಲು ದೊಡ್ಡ ಪಾಂಡಿತ್ಯ ಬೇಡ. ಗೋಡೆಯ ಕ್ಯಾಲೆಂಡರಿನಲ್ಲಿ ಗೃಹಿಣಿ ಹಾಲಿನ ಲೆಕ್ಕ ಗುರುತಿಸುವಂತೆ, ಗಾಡಿ ಎಲ್ಲಿಗೆ ಹೋಯಿತು, ಏನು ಹೊತ್ತಿತು, ಎಷ್ಟು ಕಿಲೋಮೀಟರ್ ಓಡಿತು ಎಂಬುದನ್ನು ದಿನಕ್ಕೊಂದು ಸಾಲಿನಂತೆ ಬರೆದಿಟ್ಟು, ಡೀಸೆಲ್ ಚೀಟಿಗಳನ್ನು ದಾರದಲ್ಲಿ ಪೋಣಿಸಿಟ್ಟರೆ ಸಾಕು. ಸುಂಕದವನು ಕೇಳಿದ ದಿನ ಸುಖದುಃಖವನ್ನು ಆ ಚೀಟಿಗಳೇ ಹೇಳುತ್ತವೆ.